ಬಾಗಿಲಿಗೆ ಅಂಟಿಸಿದ ಮುಖ

ಪ್ಲೊವ್ದಿವ್
12 ಮೇ 2024

ಪ್ರೀತಿಯ ದೋನ್ಕಾ ಚಿಕ್ಕಮ್ಮನಿಗೆ,

ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಬುರ್ಗಾಸ್‌ನಲ್ಲಿ ಈ ಹೊತ್ತಿಗೆ ಸಮುದ್ರದ ಗಾಳಿ ಬೆಚ್ಚಗಾಗಿರಬೇಕು. ಇಲ್ಲಿ ಲಿಂಡನ್ ಮರಗಳು ಇನ್ನೂ ಹೂ ಬಿಟ್ಟಿಲ್ಲ. ಈ ಕಾಗದ ಈಸ್ಟರಿಗೆ ಮೊದಲೇ ನಿಮ್ಮ ಕೈ ಸೇರಬೇಕಿತ್ತು. ಕೆಂಪು ಮೊಟ್ಟೆಗಳೆಲ್ಲ ತಿಂದು ಮುಗಿದ ಮೇಲೆ ಬರೆಯಲು ಕೂತಿದ್ದೇನೆ. ಕ್ಷಮಿಸಿ. ದಿನವೂ ಔಷಧಿ ಅಂಗಡಿ ಮುಚ್ಚಿ ಬಂದು ಹಾಳೆ ತೆಗೆಯುತ್ತಿದ್ದೆ, ನಿಮ್ಮ ಹೆಸರು ಬರೆದು ನಿಲ್ಲಿಸುತ್ತಿದ್ದೆ.

ಕ್ಷಮೆ ಕೇಳಬೇಕಾದ ಇನ್ನೊಂದು ಸಂಗತಿ ನಿಮಗೆ ಆಗಲೇ ಗೊತ್ತಾಗಿದೆಯಂತೆ. ನಿಮ್ಮ ಜೊತೆ ಓದಿದವರೊಬ್ಬರು ಇಲ್ಲಿಂದ ನಿಮ್ಮ ಮನೆಗೆ ಫೋನ್ ಮಾಡಿ ಗೋಳೋ ಎಂದು ಅತ್ತರಂತೆ. ಅತ್ತದ್ದು ನಿಮ್ಮ ಸಾವಿಗೆ. ಫೋನ್ ಎತ್ತಿದವರು ನೀವು.

ಹೌದು, ಆ ಕೆಲಸ ಮಾಡಿದವಳು ನಾನೇ. ಏಪ್ರಿಲ್ ಮೊದಲ ವಾರ, ಅಮ್ಮ ತೀರಿಕೊಂಡ ನಲವತ್ತನೆಯ ದಿನಕ್ಕೆ, ಬೀದಿಯಲ್ಲಿ ಅಂಟಿಸುವ ಸಾವಿನ ಹಾಳೆಯಲ್ಲಿ ಅವಳ ಹೆಸರಿನ ಮೇಲೆ ನಿಮ್ಮ ಮುಖ ಅಚ್ಚು ಹಾಕಿಸಿದೆ. ನಮ್ಮ ಕಟ್ಟಡದ ಬಾಗಿಲಿಗೆ, ಎದುರಿನ ಮರಕ್ಕೆ, ಬಸ್ ನಿಲ್ದಾಣಕ್ಕೆ, ಚರ್ಚಿನ ಗೇಟಿಗೆ ನನ್ನ ಕೈಯಾರೆ ಅಂಟಿಸಿದೆ. ಅದು ನೀವು ಎಂದು ನನಗೆ ಗೊತ್ತಿರಲಿಲ್ಲ. ನಾನು ನಿಮ್ಮನ್ನು ಹತ್ತಿರದಿಂದ ನೋಡಿದ್ದು ಅಜ್ಜಿಯನ್ನು ಮಣ್ಣು ಮಾಡಿದ ದಿನ ಮಾತ್ರ, ಅದೂ ಕಪ್ಪು ಕನ್ನಡಕದಲ್ಲಿ.

ಆದರೆ ಈ ಕಾಗದ ಬರೀ ಕ್ಷಮೆ ಕೇಳುವುದಕ್ಕಲ್ಲ. ಜೂನ್ ಏಳಕ್ಕೆ ಇಲ್ಲಿನ ಗ್ಯಾಲರಿಯೊಂದರಲ್ಲಿ ಅಮ್ಮ ತೆಗೆದ ಫೋಟೋಗಳ ದೊಡ್ಡ ಪ್ರದರ್ಶನವಿದೆ. ಅಲ್ಲಿ ನಿಮ್ಮ ಹೆಸರು ಇರಬೇಕೋ ಬೇಡವೋ ಎಂದು ನಿಮ್ಮನ್ನೇ ಕೇಳಬೇಕು. ಹೇಗೆ ಕೇಳಬೇಕೆಂದು ತಿಳಿಯದೆ ತಡವಾಯಿತು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಫೆಬ್ರವರಿಯಲ್ಲಿ ನಾನು ಫೋನ್ ಮಾಡಿ ಅಮ್ಮ ಹೋದಳೆಂದಾಗ ನೀವು "ತಿಳಿಸಿದ್ದಕ್ಕೆ ಉಪಕಾರ ಆಯ್ತು" ಎಂದಿರಿ. ಬರಲಿಲ್ಲ. ಅದು ದೂರಲ್ಲ. ಮಣ್ಣಿಗೆ ಹೆಚ್ಚು ಜನ ಸೇರಿರಲಿಲ್ಲ. ಅವಳು ಸಂಜೆ ಹೊತ್ತು ಫೋಟೋ ತೆಗೆಯುವ ಪಾಠ ಹೇಳಿಕೊಟ್ಟ ಹುಡುಗಿಯರು, ಈಗ ಐವತ್ತರ ಆಸುಪಾಸಿನವರು, ಕ್ಯಾಮೆರಾ ತರದೆ ಬಂದಿದ್ದರು. ಒಬ್ಬಳು ನನ್ನ ಕಿವಿಯಲ್ಲಿ, "ತಂದಿದ್ರೆ ಪೆಟ್ಟಿಗೆಯಿಂದ ಎದ್ದು ಬಂದು ಮುಚ್ಚಿಸ್ತಿದ್ರು ಕಣೆ" ಎಂದಳು. ಅತ್ತು ಕೆಂಪಾದ ಕಣ್ಣಿನಲ್ಲೇ ನಕ್ಕೆವು. ನಿಜವೇ. ಯಾರಾದರೂ ಅವಳತ್ತ ಕ್ಯಾಮೆರಾ ತಿರುಗಿಸಿದರೆ ಅಂಗೈ ಅಡ್ಡ ಬರುತ್ತಿತ್ತು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅಮ್ಮ ಎಂದರೆ ಒಂದು ಅಂಗೈ.

ಮೊದಲ ದಿನದ ಹಾಳೆಯನ್ನು ಶವಸಂಸ್ಕಾರದ ಕಚೇರಿಯವರು ಅವಸರದಲ್ಲಿ ಬರೀ ಶಿಲುಬೆ ಹಾಕಿ ಅಚ್ಚು ಮಾಡಿದ್ದರು. ನಲವತ್ತಕ್ಕಾದರೂ ಮುಖ ಇರಲಿ ಎನ್ನಿಸಿತು. ನಮ್ಮ ಬೀದಿಯಲ್ಲಿ ಸತ್ತ ಕಟುಕನ ಹಾಳೆಗೂ ಮುಖವಿದೆ, ಟ್ರಾಲಿ ಬಸ್ಸು ಓಡಿಸುತ್ತಿದ್ದವನ ಹಾಳೆಗೂ ಇದೆ. ಅವರಲ್ಲಿ ಅರ್ಧ ಜನರ ಫೋಟೋ ತೆಗೆದವಳು ಅಮ್ಮನೇ. ಪಾಸ್‌ಪೋರ್ಟಿಗೆಂದು ತೆಗೆದದ್ದು ಕೊನೆಗೆ ಬಾಗಿಲಿಗೆ ಬರುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಅವಳು ಆ ಹಾಳೆಗಳ ಮುಂದೆ ನಿಂತು ಹೆಸರು ಓದುತ್ತಿರಲಿಲ್ಲ. "ಗಲ್ಲ ಇನ್ನೊಂಚೂರು ಇಳಿಸಬೇಕಿತ್ತು" ಎಂದುಕೊಂಡು ಮುಂದೆ ಹೋಗುತ್ತಿದ್ದಳು.

ಮನೆಯಲ್ಲಿ ಹುಡುಕಿದರೆ ಬೇರೆಯವರು ತೆಗೆದ ಅವಳ ಒಂದು ಚಿತ್ರವೂ ಸಿಗಲಿಲ್ಲ. ಅದು ನನಗೆ ಚಿಂತೆಯಾಗಲಿಲ್ಲ, ಏಕೆಂದರೆ ಅವಳಿಗೆ ಹೆಸರು ತಂದದ್ದೇ ಅವಳು ತನ್ನನ್ನು ತಾನೇ ತೆಗೆದುಕೊಂಡ 'ಸ್ವಂತ ಚಿತ್ರಗಳು' ಎಂದು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು. ಎಪ್ಪತ್ತರ ದಶಕದ ಕೊನೆಯ ಐದಾರು ವರ್ಷಗಳ ಚಿತ್ರಗಳು. ಕಿಟಕಿಯ ಬಳಿ ಕುಳಿತ ಹೆಂಗಸು. ಮರಿತ್ಸಾ ನದಿಯ ದಂಡೆಯಲ್ಲಿ ಕೋಟಿನ ಕಾಲರ್ ಎತ್ತಿಕೊಂಡ ಹೆಂಗಸು. ಬಾಲ್ಕನಿಯಲ್ಲಿ ಒದ್ದೆ ಹಾಸುಬಟ್ಟೆ ಒಣಹಾಕುತ್ತಾ, ನಗು ಉಕ್ಕಿ, ಹಲ್ಲಲ್ಲಿ ಕಚ್ಚಿದ್ದ ಕ್ಲಿಪ್ಪು ಬೀಳುತ್ತಿರುವ ಗಳಿಗೆಯ ಹೆಂಗಸು. ನಮ್ಮ ಬಚ್ಚಲೇ ಅವಳು ಫೋಟೋ ತೊಳೆಯುವ ಕತ್ತಲೆ ಕೋಣೆ. ತೊಟ್ಟಿಯ ನೀರಿನಲ್ಲಿ ತೇಲುತ್ತಿದ್ದ ಆ ಹೆಂಗಸನ್ನು ಎತ್ತಿ ಹಗ್ಗಕ್ಕೆ ಹಾಕಿದ ಮೇಲೆಯೇ ನನಗೆ ಸ್ನಾನ. ಒಮ್ಮೆ, ಏಳೆಂಟು ವರ್ಷದವಳಿದ್ದಾಗ, "ಇದು ನೀನಾ?" ಎಂದು ಕೇಳಿದ್ದೆ. ಅಮ್ಮ, "ಯಾರಾದ್ರೆ ಏನು? ಬೆಳಕು ಯಾವ ಕಡೆಯಿಂದ ಬಂತು ಹೇಳು ನೋಡೋಣ" ಎಂದಿದ್ದಳು. ಎಡಗಡೆಯಿಂದ ಎಂದೆ. ಸರಿಯಾಗಿತ್ತು. ನನ್ನ ಪ್ರಶ್ನೆ ಅಲ್ಲೇ ಉಳಿಯಿತು.

ಆ ಬಾಲ್ಕನಿಯ ಚಿತ್ರದಿಂದ ಮುಖವನ್ನಷ್ಟೇ ಕತ್ತರಿಸಿ ಹಾಳೆಗೆ ಕೊಟ್ಟೆ. ಸಮಾಧಿಯ ಬಳಿ ಸಕ್ಕರೆ ಬೆರೆಸಿದ ಗೋಧಿ ಹಂಚಿ, ವೈನ್ ಸುರಿದು ಮಧ್ಯಾಹ್ನ ಮನೆಗೆ ಬಂದರೆ ಕಟ್ಟಡದ ಬಾಗಿಲಲ್ಲಿ ಸ್ಟೋಯ್ನಜ್ಜಿ. ಅವರ ನೆನಪು ನಿಮಗಿದ್ದೇ ಇರುತ್ತದೆ. ನಮ್ಮ ಕೆಳಗಿನ ಮನೆಯವರು, ಈಗ ತೊಂಬತ್ತರ ಹತ್ತಿರ. ಚಳಿಗಾಲವೆಲ್ಲ ಮಗಳ ಊರಿನಲ್ಲಿದ್ದು ಅಂದೇ ಬಂದಿದ್ದರು. ಕೈಗೋಲಿನಿಂದ ಹಾಳೆಯನ್ನು ಕುಟ್ಟುತ್ತಾ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಏನೇ ನೆವೆನಾ, ನಿನಗೆ ಬುದ್ಧಿಗಿದ್ಧಿ ಇದೆಯೇನೇ? ಬದುಕಿರೋಳನ್ನ ತಂದು ಬಾಗಿಲಿಗೆ ಅಂಟಿಸಿದೀಯಲ್ಲ!"

"ಅಮ್ಮನ ಹಳೇ ಫೋಟೋ ಅಜ್ಜಿ."

"ನಿಮ್ಮಮ್ಮಂದಂತೆ! ನನ್ನ ಕಣ್ಣಿಗೆ ಪೊರೆ ಬಂದಿದೆ, ನಿನಗೇನು ಬಂದಿದೆ? ಇದು ದೋನ್ಕಾ ಕಣೆ. ಎಲ್ಕಾ ಯಾವತ್ತಾದ್ರೂ ಹಿಂಗೆ ಹಲ್ಲು ಕಿರಿದಿದ್ಲಾ?"

ಆ ಕೊನೆಯ ಮಾತನ್ನು ನಾನು ಆಗ ಗಮನಿಸಲಿಲ್ಲ. ಎಲ್ಲ ಹಾಳೆಗಳನ್ನೂ ಕಿತ್ತು ತರಬೇಕೆಂಬುದಷ್ಟೇ ತಲೆಯಲ್ಲಿತ್ತು. ಮರದ ಮೇಲಿನದು ಅರ್ಧ ಮಾತ್ರ ಬಂತು. ನಿಮ್ಮ ಹಣೆ ಇನ್ನೂ ಅಲ್ಲಿದೆ.

ಮರುದಿನ ಅವಳ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಿ ಹೊಸ ಹಾಳೆ ಅಂಟಿಸಿದೆ. ಅವಳು ಅಂಗೈ ಅಡ್ಡ ಹಿಡಿಯಲಾಗದೆ ತೆಗೆಸಿಕೊಂಡ ಏಕೈಕ ಚಿತ್ರ ಅದು. ಸ್ಟೋಯ್ನಜ್ಜಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಹೂಂ, ಇದು ಎಲ್ಕಾನೇ. ಆದ್ರೆ ಊರವರದೆಲ್ಲ ಚೆನ್ನಾಗಿ ತೆಗೆದೋಳಿಗೆ ಇದೇನೇ ಗತಿ! ಕಳ್ಳಿ ಥರ ಕಾಣ್ತಾಳೆ."

"ಗುರುತಿನ ಚೀಟಿಗೆ ಪೊಲೀಸ್ ಠಾಣೇಲೇ ತೆಗೀತಾರಲ್ಲ ಅಜ್ಜಿ."

"ಅದಕ್ಕೇ ಮತ್ತೆ."

ಅಂದು ಸಂಜೆ ಅವರ ಅಡುಗೆಮನೆಯಲ್ಲಿ ಕೂತು ಕೇಳಿದೆ. ಅವರು ಹೇಳಿದ್ದನ್ನು ನಿಮಗೇ ಹೇಳುವುದು ವಿಚಿತ್ರ. ತಪ್ಪಿದ್ದರೆ ತಿದ್ದಿ. ಬಾಲ್ಕನಿಯ ಚಿತ್ರ ಹೊರದೇಶದ ಯಾವುದೋ ಪ್ರದರ್ಶನಕ್ಕೆ ಹೋಗಿ ಪತ್ರಿಕೆಯಲ್ಲಿ ಅಚ್ಚಾಯಿತಂತೆ. ನೀವು ಆಗ ಭೂಗೋಳದ ಮೇಡಂ. ಚಿತ್ರದಲ್ಲಿ ಒಂದು ಭುಜದ ಪಟ್ಟಿ ಜಾರಿದೆ.

"ಆ ಕಾಲಕ್ಕೆ ಅಷ್ಟು ಸಾಕಿತ್ತು," ಎಂದರು ಅಜ್ಜಿ. "ಹೆಡ್‌ಮಾಸ್ಟರು ಪತ್ರಿಕೆ ಮೇಜಿನ ಮೇಲಿಟ್ಟು, ಇದು ನೀವೇನ್ರೀ ಅಂತ ಕೇಳಿದ್ನಂತೆ. ನಿನ್ನ ಚಿಕ್ಕಮ್ಮ ಅಳ್ತಾ ಬಂದ್ಲು. ಎಲ್ಕಾ ತಕ್ಷಣ ಎದ್ಲು. ಒಳ್ಳೆ ಕೋಟು ಹಾಕ್ಕೊಂಡು ಸೀದಾ ಸ್ಕೂಲಿಗೆ ಹೋಗಿ, ಅದು ನಾನು ಸ್ವಾಮಿ, ಟೈಮರ್ ಇಟ್ಟು ಓಡಿಹೋಗಿ ನಿಂತೆ, ನನ್ನ ಭುಜ, ನನ್ನ ಬಾಲ್ಕನಿ, ನಿಮಗೇನು ಅಂದ್ಲಂತೆ. ಅಕ್ಕತಂಗೀರು ಒಂದೇ ಅಚ್ಚು, ಅವನಿಗೇನು ಗೊತ್ತಾಗುತ್ತೆ?"

ಅಮ್ಮ ಮುಖ್ಯ ಬೀದಿಯ ಸರ್ಕಾರಿ ಸ್ಟುಡಿಯೋದಿಂದ ಸ್ಟೇಷನ್ ಹತ್ತಿರದ ಪಾಸ್‌ಪೋರ್ಟ್ ಫೋಟೋ ಅಂಗಡಿಗೆ ಬಿದ್ದದ್ದು ಇದಕ್ಕೆ ಎಂದು ನನಗೆ ಗೊತ್ತಾದದ್ದು ಆಗಲೇ. ಅವಳ ಕೆಲಸದ ಜೀವನವೆಲ್ಲ ಅಲ್ಲಿಯೇ ಕಳೆಯಿತು. "ಗಲ್ಲ ಇಳಿಸಿ. ಉಸಿರು ಬಿಡಿ" ಎನ್ನುತ್ತಾ, ಜನ ಉಸಿರು ಬಿಟ್ಟ ಕೂಡಲೇ ಗುಂಡಿ ಒತ್ತುತ್ತಿದ್ದಳು. ಉಸಿರು ಹಿಡಿದ ಮುಖ ಸುಳ್ಳು ಹೇಳುತ್ತದೆ ಎಂಬುದು ಅವಳ ನಂಬಿಕೆ. ಆ ಕೋಣೆಯಲ್ಲಿ ತೆಗೆದ ಮುಖಗಳನ್ನೂ ಈಗ ಕಲೆ ಎನ್ನುತ್ತಾರೆ. ಬದುಕಿದ್ದಾಗ ಯಾರೂ ಅನ್ನಲಿಲ್ಲ.

ಹೊರಗಿನವರಿಗೆ ಬೇಕಾದದ್ದು ಆ 'ಸ್ವಂತ ಚಿತ್ರಗಳೇ'. ತನ್ನನ್ನು ತಾನೇ ನೋಡಿಕೊಂಡ ಹೆಣ್ಣು ಎಂದು ಬರೆದರು. ಲೇಖನಗಳು ಬಂದವು, ಪ್ರಬಂಧಗಳು ಬಂದವು. ಅಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೇಳಿದವರಿಗೆಲ್ಲ ಬೆಳಕಿನ ವಿಷಯ ಹೇಳುತ್ತಿದ್ದಳು.

ಆಮೇಲೆ ಕಮ್ಯುನಿಸ್ಟ್ ಸರ್ಕಾರ ಬಿತ್ತು. ಹೆದರಬೇಕಾದ ಹೆಡ್‌ಮಾಸ್ಟರೂ ಉಳಿಯಲಿಲ್ಲ. ಅಂಗಡಿಗಳು ಖಾಲಿಯಿದ್ದ ಆ ಚಳಿಗಾಲದಲ್ಲಿ ನೀವು ನಮ್ಮ ಮನೆಗೆ ಬಂದಿರಂತೆ. ಬಚ್ಚಲ ಕಿಂಡಿಯಲ್ಲಿ ಎಲ್ಲ ಕೇಳಿಸಿತು ಎಂದರು ಸ್ಟೋಯ್ನಜ್ಜಿ. ಕಿಂಡಿಯ ಹತ್ತಿರ ಏಕಿದ್ದಿರಿ ಎಂದು ನಾನು ಕೇಳಲಿಲ್ಲ. "ಈಗಾದ್ರೂ ಹೇಳೇ, ಅದು ನಾನು ಅಂತ" ಎಂದಿರಂತೆ ನೀವು. "ಈಗ ಹೇಳಿದ್ರೆ ಯಾರು ನಂಬ್ತಾರೆ?" ಎಂದಳಂತೆ ಅಮ್ಮ. "ನಂಬೋದು ಬಿಡೋದು ಅವರಿಗಿರಲಿ. ನಿನಗೆ ಹೇಳೋಕೆ ಇಷ್ಟ ಇದೆಯಾ?" ನಿಮ್ಮ ಆ ಪ್ರಶ್ನೆಗೆ ಅಮ್ಮನ ಉತ್ತರ ಕೇಳಿಸಲಿಲ್ಲವಂತೆ. ನೀವು ಬರುವ ಮೊದಲೇ ಅಮ್ಮ ನನ್ನನ್ನು ಬ್ರೆಡ್ಡಿನ ಸಾಲಿಗೆ ಕಳಿಸಿದ್ದಳು. ವಾಪಸು ಬಂದಾಗ ಮೇಜಿನ ಮೇಲೆ ಕುಡಿಯದೆ ಬಿಟ್ಟ ಕಾಫಿ ಇತ್ತು. ಆ ಕಾಲದಲ್ಲಿ ಕಾಫಿಯನ್ನು ಹಾಗೆ ಯಾರೂ ಬಿಡುತ್ತಿರಲಿಲ್ಲ. ಹಾಗಾಗಿ ನೆನಪಿದೆ.

ಇದರಲ್ಲಿ ಅಮ್ಮನ ಪರ ವಹಿಸಬೇಕೋ ನಿಮ್ಮ ಪರ ವಹಿಸಬೇಕೋ ಎಂದು ಬಹಳ ದಿನ ಯೋಚಿಸಿದೆ. ನಿಮ್ಮನ್ನು ಉಳಿಸಲು ಹೇಳಿದ ಸುಳ್ಳು ಯಾವ ದಿನದಿಂದ ನಿಮ್ಮಿಂದ ಕಿತ್ತುಕೊಂಡ ಸುಳ್ಳಾಯಿತು? ಆ ದಿನ ಅವಳಿಗೆ ತಿಳಿದಿತ್ತೇ? ಅವಳು ಆ ಸುಳ್ಳಿಗೆ ಬೆಲೆ ತೆತ್ತಿದ್ದಳು ನಿಜ. ಬೆಲೆ ತೆತ್ತ ಮೇಲೆ ಅದು ತನ್ನದೇ ಎನ್ನಿಸಿತೇನೋ. ಅವಳನ್ನು ಸಮರ್ಥಿಸಲು ಹೋದಾಗ ನಿಮ್ಮ ಕಾಫಿ ಕಣ್ಣಿಗೆ ಬರುತ್ತದೆ. ಖಂಡಿಸಲು ಹೋದಾಗ ಆ ಒಳ್ಳೆ ಕೋಟು. ಇಲ್ಲಿ ನ್ಯಾಯ ಹೇಳುವಷ್ಟು ನನಗೆ ತಿಳಿದಿಲ್ಲ ಎಂಬುದಷ್ಟೇ ಖಚಿತ.

ಪ್ರದರ್ಶನದ ಹೊಣೆ ಹೊತ್ತಿರುವವನು ಅಸೆನ್. ನನಗಿಂತ ಸ್ವಲ್ಪ ಚಿಕ್ಕವನು, ಒಳ್ಳೆಯವನು, ಅಮ್ಮನ ಮೇಲೆ ಪುಸ್ತಕ ಬರೆಯುತ್ತಿದ್ದಾನೆ. ಗ್ಯಾಲರಿಗೆ ಹೋಗಿ ಎಲ್ಲ ಹೇಳಿದೆ.

"ನೆವೆನಾ ಅವರೇ," ಎಂದ, "ಒಬ್ಬ ಅಜ್ಜಿ ಬೀದೀಲಿ ನಿಂತು ಕೂಗಿದ್ದಕ್ಕೆ ನಾನು ಗ್ಯಾಲರಿ ಗೋಡೆ ಮೇಲಿನ ವಿವರಣೆ ಬದಲಾಯಿಸ್ಲಾ?"

"ಅಜ್ಜಿ ಹೇಳಿದ್ದು ನಿಜ ಆಗಿದ್ರೆ?"

"ಆಗಿದ್ರೆ ಪ್ರದರ್ಶನದ ಹೆಸರೇ ಸುಳ್ಳಾಗುತ್ತೆ. 'ನಾನು' ಅಂತ ಇಟ್ಟಿದ್ದೀವಿ. ಊರೆಲ್ಲ ಪೋಸ್ಟರ್ ಅಂಟಿಸಿಯಾಗಿದೆ."

"ನಾನೂ ಅಂಟಿಸಿಯೇ ಸಿಕ್ಕಿಹಾಕಿಕೊಂಡೆ," ಎಂದೆ. ಅವನಿಗೆ ನಗು ಬರಲಿಲ್ಲ.

"ಒಬ್ಬಳು ತನ್ನನ್ನ ತಾನು ನೋಡ್ಕೊಳ್ಳೋದು ಬೇರೆ, ಅಕ್ಕ ತಂಗೀನ ನೋಡೋದು ಬೇರೆ."

"ಬೇರೆ ಸರಿ. ಕಡಿಮೆಯಾ?"

ಅವನು ಕನ್ನಡಕ ತೆಗೆದು ಒರೆಸಿದ. "ಕಡಿಮೆ ಅಂತ ನಾನೆಲ್ಲಿ ಅಂದೆ," ಎಂದು ಗೊಣಗಿದ. ಆಮೇಲೆ ಒಳಗಿನಿಂದ ಮೂಲ ನೆಗೆಟಿವ್‌ಗಳ ಡಬ್ಬಿ ತಂದ.

ಬಾಲ್ಕನಿಯ ಚಿತ್ರದ ನೆಗೆಟಿವನ್ನು ಬೆಳಕಿನ ಮೇಜಿನ ಮೇಲಿಟ್ಟು ಇಬ್ಬರೂ ಬಗ್ಗಿದೆವು. ಅಮ್ಮ ಮುದ್ರಿಸಿದ ಪ್ರತಿಗಳೆಲ್ಲದರಲ್ಲೂ ಚಿತ್ರ ಹಾಸುಬಟ್ಟೆಯ ನಡುವಿಗೇ ನಿಲ್ಲುತ್ತದೆ. ನೆಗೆಟಿವ್‌ನಲ್ಲಿ ಅದರಾಚೆಗೂ ಒಂದು ಗೇಣು ಬಟ್ಟೆಯಿದೆ. ಆ ಬಟ್ಟೆಯ ಮೇಲೆ ಒಂದು ನೆರಳು. ಎರಡು ಮೊಣಕೈ ಹೊರಚಾಚಿ, ತಲೆ ಬಗ್ಗಿಸಿ, ಕ್ಯಾಮೆರಾ ಹಿಡಿದು ನಿಂತವಳ ನೆರಳು. ಬಲ ಮೊಣಕೈಯನ್ನು ಹೆಚ್ಚು ಎತ್ತುವ ಆ ರೀತಿ ನನಗೆ ಗೊತ್ತು. ಹಿಟ್ಟು ನಾದುವಾಗಲೂ ಅವಳು ಹಾಗೆಯೇ ನಿಲ್ಲುತ್ತಿದ್ದಳು.

ಟೈಮರ್ ಇಟ್ಟು ಓಡಿಹೋದವರ ನೆರಳು ಕ್ಯಾಮೆರಾದ ಹಿಂದೆ ಉಳಿಯುವುದಿಲ್ಲ. ಅಸೆನ್ ಭೂತಗನ್ನಡಿ ತಂದು ಆ ನೆರಳನ್ನು ಮತ್ತೊಮ್ಮೆ ನೋಡಿದ. ಕೊನೆಗೆ, "ಇದನ್ನ ಪೂರ್ತಿ ಮುದ್ರಿಸಿ ಹಾಕಿದ್ರೆ, ಇದಕ್ಕಿಂತ ಒಳ್ಳೆ ಚಿತ್ರ ಅವರು ತೆಗೆದೇ ಇಲ್ಲ" ಎಂದ. ನನಗೂ ಹಾಗೆಯೇ ಅನ್ನಿಸಿತು. ಆದರೆ ಅವಳು ಬದುಕಿರುವವರೆಗೂ ಕತ್ತರಿಸಿ ಹಾಕಿದ ಭಾಗ ಅದು. ಅವಳು ಬೇಡವೆಂದದ್ದನ್ನು ಗೋಡೆಗೆ ಹಾಕುವ ಹಕ್ಕು ಮಗಳಿಗಿದೆಯೇ? ಕತ್ತರಿಸಿದರೂ ನೆಗೆಟಿವನ್ನು ಸುಡದೆ ಇಟ್ಟಿದ್ದಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಇದು ನನಗೆ ಅನುಕೂಲವಾದ ವಾದ ಎಂಬುದೂ ಗೊತ್ತು.

ಚಿಕ್ಕಮ್ಮ, ಅರ್ಧದಷ್ಟನ್ನು ನಾನು ನಿಮ್ಮನ್ನು ಕೇಳದೆಯೇ ತೀರ್ಮಾನಿಸಿದ್ದೇನೆ. ಆ ಚಿತ್ರಗಳ ಕೆಳಗೆ 'ಸ್ವಂತ ಚಿತ್ರ' ಎಂಬ ಮಾತು ಇರುವುದಿಲ್ಲ. ಅಸೆನ್ ಪ್ರದರ್ಶನದ ಹೆಸರನ್ನೇ ಬದಲಿಸಲು ಒಪ್ಪಿದ್ದಾನೆ. ಹೊಸದು ಹೊಳೆದಿಲ್ಲ, ಹಾಗಾಗಿ ಸದ್ಯಕ್ಕೆ 'ಎಲ್ಕಾ ಮಿಂಚೆವಾ' ಎಂದಷ್ಟೇ. ಪೋಸ್ಟರುಗಳ ಮೇಲೆ ಹೊಸ ಕಾಗದ ಅಂಟಿಸುತ್ತಿದ್ದಾರೆ. ನಮ್ಮ ಊರಿನಲ್ಲಿ ಈ ವಸಂತವೆಲ್ಲ ಅಂಟಿಸುವುದೂ ಕೀಳುವುದೂ ಆಯಿತು. ಇನ್ನರ್ಧ ನಿಮ್ಮದು. 'ದೋನ್ಕಾ, ನನ್ನ ತಂಗಿ' ಎಂದು ಬರೆಯಿಸಬಹುದೇ? ನೀವು ಬೇಡವೆಂದರೆ ಅಲ್ಲಿ ಯಾರ ಹೆಸರೂ ಇರುವುದಿಲ್ಲ, ಮತ್ತೆಂದೂ ನಾನು ಈ ಮಾತು ಎತ್ತುವುದಿಲ್ಲ. ನಿಮ್ಮ ಮುಖವನ್ನು ಒಮ್ಮೆ ಅಮ್ಮ ನಿಮ್ಮನ್ನು ಕೇಳದೆ ತನ್ನದೆಂದಳು, ಇನ್ನೊಮ್ಮೆ ನಾನು ಬೀದಿಗೆ ಹಾಕಿದೆ. ಮೂರನೆಯ ಸಲವಾದರೂ ನಿಮ್ಮನ್ನು ಕೇಳಿಯೇ ಆಗಲಿ.

ಬರುವ ಮನಸ್ಸಾದರೆ ಹಿಂದಿನ ದಿನವೇ ಬನ್ನಿ. ಬುರ್ಗಾಸ್‌ನ ರೈಲು ಮಧ್ಯಾಹ್ನ ಬರುತ್ತದೆ, ನಾನು ಸ್ಟೇಷನ್ನಿಗೆ ಬರುತ್ತೇನೆ. ಮೆಟ್ಟಿಲು ಹತ್ತುವುದು ಕಷ್ಟವೆಂದರೆ ಸ್ಟೋಯ್ನಜ್ಜಿಯ ಮನೆಯಲ್ಲಿ ಇಳಿದುಕೊಳ್ಳಬಹುದು. ಅವರು ನಿಮ್ಮನ್ನು ಕಳಿಸಿಕೊಡುವುದು ಮಾತ್ರ ಅನುಮಾನ.

ಅವರು ಹೇಳಿ ಕಳಿಸಿದ ಮಾತು ಇದು: "ಬದುಕಿದ್ದಾಗಲೇ ಬಾಗಿಲಿಗೆ ಅಂಟಿದೋಳ ಮನೆ ದಾರಿ ಸಾವಿಗೆ ಮರೆತುಹೋಗುತ್ತೆ ಅಂತ ಬರಿ ಆ ದೋನ್ಕಾಗೆ. ಇನ್ನಿಪ್ಪತ್ತು ವರ್ಷ ಚಿಂತೆಯಿಲ್ಲ ಅನ್ನು." ಅದೇ ನನ್ನ ಹಾರೈಕೆಯೂ ಆಗಿರಲಿ. ಮಂಡಿ ನೋವಿಗೆ ಒಂದು ಮುಲಾಮು ಪಾರ್ಸೆಲ್ ಮಾಡಿದ್ದೇನೆ. ರಾತ್ರಿ ಹಚ್ಚಿ ಉಣ್ಣೆಯ ಬಟ್ಟೆ ಸುತ್ತಿಕೊಳ್ಳಿ. ಗಾಳಿಗೆ ಹೆಚ್ಚು ಕೂರಬೇಡಿ.

ನಿಮ್ಮ ಅಕ್ಕನ ಮಗಳು,
ನೆವೆನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಆ ಸಾಲಿನ ಚಿತ್ರಗಳು ನಿಲ್ಲುವುದು ನಾನು ಹುಟ್ಟಿದ ವರ್ಷಕ್ಕೆ. ಚಿಕ್ಕಂದಿನಿಂದ ಅವುಗಳನ್ನು ನೀರಿನಿಂದ ಎತ್ತುವಾಗಲೆಲ್ಲ ನಾನು ಅಂದುಕೊಳ್ಳುತ್ತಿದ್ದೆ: ಅಮ್ಮ ಹೀಗೆ ನಗುತ್ತಿದ್ದಳು, ನಾನು ಬಂದೆ, ನಿಲ್ಲಿಸಿದಳು. ನನಗೆ ಗೊತ್ತಿದ್ದ ಅಮ್ಮ ಸುಸ್ತಾದ, ಕಡಿಮೆ ಮಾತಿನ ಹೆಂಗಸು. ಆ ಇನ್ನೊಬ್ಬಳನ್ನು ನಾನೇ ಓಡಿಸಿದೆ ಎಂದು ನಲವತ್ತು ದಾಟುವವರೆಗೆ ನಂಬಿದ್ದೆ, ಯಾರಿಗೂ ಹೇಳಿರಲಿಲ್ಲ. ಈಗ ಆ ಹೆಂಗಸು ಅಮ್ಮನೇ ಅಲ್ಲ ಎಂದಾಯಿತು. ಹಗುರವಾಗಬೇಕಿತ್ತು. ಆಗಿಲ್ಲ. ಹಾಗಾದರೆ ಅವಳು ಎಂದೂ ನಕ್ಕೇ ಇರಲಿಲ್ಲವೇ ಎಂಬುದು ಈಗಿನ ಪ್ರಶ್ನೆ. ಇದಕ್ಕೆ ಸ್ಟೋಯ್ನಜ್ಜಿಯ ಉತ್ತರ ಸಾಲದು, ಅವರಿಗೆ ಕಿಂಡಿಯಲ್ಲಿ ಕೇಳಿಸಿದ್ದಷ್ಟೇ ಗೊತ್ತು. ಅವಳ ಎದುರಿಗೆ ನಿಂತಿದ್ದವರು ನೀವು. ಪ್ರದರ್ಶನದ ವಿಷಯಕ್ಕೆ ಉತ್ತರಿಸದಿದ್ದರೂ ಅಡ್ಡಿಯಿಲ್ಲ. ನೀವು ಹಾಗೆ ನಗುತ್ತಿದ್ದಾಗ ಕ್ಯಾಮೆರಾದ ಹಿಂದೆ ಅಮ್ಮನ ಮುಖ ಹೇಗಿತ್ತು, ಅದೊಂದನ್ನು ಬರೆಯಿರಿ.